ಎಂ.ಟೆಕ್ ಮಾಡಲೋ ಬೇಡವೋ: ಉದ್ಯಮಬಾಗದ ಒಬ್ಬ ಹುಡುಗನ ಪ್ರಕರಣ

2023ರ ಜೂನ್. ಒಂದು ಭಾನುವಾರ ಬೆಳಗ್ಗೆ ನನ್ನ ತಂಗಿಯ ಮಗ ಬೆಳಗಾವಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಗಂಟು. ಕಟ್ಟೆಯ ಮೇಲೆ ಕೂತು ಬಿಚ್ಚಿದ. ಒಳಗೆ ಕೊಯ್ದ ಕಬ್ಬಿಣದ ತುಂಡು, ಒಂದು ಪಂಪ್ ಬಾಡಿಯದು. ಹೊರಗಿನಿಂದ ನೋಡಿದರೆ ಏನೂ ಕೊರತೆ ಇಲ್ಲ. ಕೊಯ್ದ ಮುಖದಲ್ಲಿ, ದಪ್ಪ ಗೋಡೆ ತೆಳು ಗೋಡೆಗೆ ಸೇರುವ ಜಾಗದಲ್ಲಿ, ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು. ಹೆಬ್ಬೆರಳಿನ ಉಗುರಿನಷ್ಟು ಅಗಲ.

"ಮಾಮಾ, ರೈಸರ್ ದೊಡ್ಡದು ಮಾಡಿದ್ವಿ, ಹೋಗಲಿಲ್ಲ. ಚಿಲ್ ಇಟ್ವಿ, ಒಂದ್ ವಾರ ಕಡಿಮಿ ಆತು, ಮತ್ತ ಬಂತು. ಯಾಕ ಬರತೈತಿ ಅಂತ ಯಾರೂ ಹೇಳವಲ್ರು" ಅಂದ. ರೈಸರ್ ಅಂದರೆ ಎರಕ ಆರಿ ಕುಗ್ಗುವಾಗ ಅದಕ್ಕೆ ಕರಗಿದ ಲೋಹ ಒದಗಿಸಲು ಅಚ್ಚಿನಲ್ಲಿ ಬಿಡುವ ಹೆಚ್ಚುವರಿ ಜಾಗ. ಚಿಲ್ ಅಂದರೆ ದಪ್ಪ ಜಾಗ ಬೇಗ ಆರಲಿ ಅಂತ ಅಚ್ಚಿನಲ್ಲಿ ಇಡುವ ಲೋಹದ ತುಂಡು. ಚಹಾ ಕುಡಿದು, ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ಕೇಳಿದ: "ಎಂ.ಟೆಕ್ ಮಾಡ್ಲೋ ಬ್ಯಾಡೋ?"

ಆ ದಿನ ನಾನು ಅವನ ಎರಡನೇ ಮಾತಿಗೆ ಮಾತ್ರ ಉತ್ತರ ಕೊಟ್ಟೆ. "ಬ್ಯಾಡ" ಅಂದೆ. ಆ ಉತ್ತರ ತಪ್ಪಾಗಿತ್ತು. ಹೇಗೆ ತಪ್ಪಾಗಿತ್ತು, ಆಮೇಲೆ ಏನಾಯಿತು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಬಿ.ಇ. ಮುಗಿಸಿದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಪ್ರತಿ ಜೂನ್‌ನಲ್ಲಿ ಇದೇ ಮಾತು ನಡೆಯುತ್ತದೆ. ಅವರಿಗೆ ಉಪಯೋಗ ಆಗಲಿ.

ಹುಡುಗ, ಮನೆ, ಕೆಲಸ

ಊರು ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ತಂದೆಗೆ 4 ಎಕರೆ ಕಬ್ಬು. ಹುಡುಗನ ತಂಗಿ ಬಿ.ಎಸ್ಸಿ. ಓದುತ್ತಿದ್ದಾಳೆ. ಹುಡುಗ 2021ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ, ಫಸ್ಟ್ ಕ್ಲಾಸ್. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, 14,500 ರೂಪಾಯಿಗೆ ಸೇರಿದ. ಎರಡು ವರ್ಷಕ್ಕೆ 18,000 ಆಯಿತು.

ಬೆಳಗಾವಿಯ ಹೊರಗಿನವರಿಗೆ ಉದ್ಯಮಬಾಗ ಗೊತ್ತಿರಲಿಕ್ಕಿಲ್ಲ. ಫೌಂಡ್ರಿ, ಮಶೀನ್ ಶಾಪ್, ಹೈಡ್ರಾಲಿಕ್ ಕಾರ್ಖಾನೆ ಒಂದಕ್ಕೊಂದು ಅಂಟಿಕೊಂಡಿರುವ ಜಾಗ. ಈ ಕಡೆ ಎರಕ ಹೊಯ್ದ ಮಾಲು ಆ ಕಡೆ ಮಶೀನಿಂಗ್ ಆಗುತ್ತದೆ. ನಾನು 26 ವರ್ಷದಿಂದ ಇಲ್ಲಿ ಮಶೀನ್ ಶಾಪಿನ ಕಡೆ ಇದ್ದೇನೆ. ಹೊಸ ಎಂಜಿನಿಯರ್‌ಗಳ ಇಂಟರ್‌ವ್ಯೂನಲ್ಲಿ ನಾನೂ ಕೂರುತ್ತೇನೆ. ನನ್ನ "ಬ್ಯಾಡ" ಹುಟ್ಟಿದ್ದು ಅಲ್ಲಿಂದಲೇ. ಎಂ.ಟೆಕ್ ಮಾಡಿದ ಹುಡುಗರು ಬರುತ್ತಾರೆ, ಡ್ರಾಯಿಂಗ್ ಕೈಗೆ ಕೊಟ್ಟರೆ ಟಾಲರೆನ್ಸ್ ಓದಲು ತಡವರಿಸುತ್ತಾರೆ. ಇಲ್ಲಿನ ಸಣ್ಣ, ಮಧ್ಯಮ ಕಾರ್ಖಾನೆಗಳಲ್ಲಿ ಎಂ.ಟೆಕ್ ಇದೆ ಅಂತ ಜಾಸ್ತಿ ಸಂಬಳ ಕೊಟ್ಟದ್ದನ್ನು ನಾನು ಕಂಡಿಲ್ಲ. ಎರಡು ವರ್ಷ ಶಾಪ್ ಫ್ಲೋರ್‌ನಲ್ಲಿ ನಿಂತವನಿಗೆ ಕೊಡುತ್ತಾರೆ.

ಇಷ್ಟೂ ನಿಜ. ಆದರೆ ಕೆಲಸ ಸಿಗದೆ ಎಂ.ಟೆಕ್ ಸೇರಿದವರನ್ನು ನೋಡಿ ನಾನು ಈ ಲೆಕ್ಕ ಕಟ್ಟಿದ್ದೆ. ನನ್ನ ಮುಂದೆ ಕೂತಿದ್ದವನಿಗೆ ಕೆಲಸ ಇತ್ತು. ಆ ಕೆಲಸದಲ್ಲಿ ಅವನಿಗೆ ಉತ್ತರ ಸಿಗದ ಒಂದು ಪ್ರಶ್ನೆಯೂ ಇತ್ತು.

ಊರಿನಲ್ಲಿ ನಡೆದ ಮಾತು

ಮೂರು ವಾರ ಬಿಟ್ಟು ನನ್ನ ತಂಗಿ ಫೋನ್ ಮಾಡಿದಳು. "ಅಣ್ಣಾ, ಇವ್ರು ಸೀಟ್ ಮಾತಾಡ್ಕೊಂಡ್ ಬಂದಾರ. ಒಂದ್ ಸಲ ಬಂದ್ ಹೋಗು." ಹೋದೆ.

ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ಎಂ.ಟೆಕ್ ಸೀಟು. ಎರಡು ವರ್ಷಕ್ಕೆ ಫೀ, ಪುಸ್ತಕ, ಓಡಾಟ ಎಲ್ಲ ಸೇರಿ ಎರಡೂವರೆ ಲಕ್ಷ ಅಂತ ಲೆಕ್ಕ ಆಗಿತ್ತು. ಕಬ್ಬಿನ ಬಿಲ್ ಬಂದ ಕೂಡಲೇ ಅರ್ಧ ಕಟ್ಟುವುದು. ತಂದೆಯ ಮಾತು ಸರಳ: "ಏನಿಲ್ಲಂದ್ರೂ ಕಾಲೇಜಿನಾಗ ಮಾಸ್ತರ ಆಕ್ಕಾನ." ಚಿಕ್ಕಪ್ಪನಿಗೆ ಇನ್ನೊಂದು ಆಸೆ. "ಎಂ.ಟೆಕ್ ಆದ್ರ ಕೂಡಗಿ ಎನ್‌ಟಿಪಿಸಿಯಾಗ ತಗೋತಾರ."

ಈ ಎರಡೂ ಮಾತನ್ನು ನಾವು ಅವತ್ತೇ ಬಿಡಿಸಿ ನೋಡಿದೆವು.

ಮೊದಲು ಕೂಡಗಿ. ವಿಜಯಪುರ ಜಿಲ್ಲೆಯಲ್ಲಿರುವ ಆ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟ್‌ನ 3 ಘಟಕಗಳಿವೆ. ನಮ್ಮ ಭಾಗದವರಿಗೆ ಕಣ್ಣೆದುರಿಗೆ ಕಾಣುವ ದೊಡ್ಡ ಸರ್ಕಾರಿ ಕಂಪನಿ ಅದು. ಆದರೆ ಎನ್‌ಟಿಪಿಸಿ ಹೊಸ ಎಂಜಿನಿಯರ್‌ಗಳನ್ನು ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕದ ಮೇಲೆ ತೆಗೆದುಕೊಳ್ಳುತ್ತದೆ, ಬಿ.ಇ. ಸಾಕು. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 27. ಹುಡುಗನಿಗೆ ಆಗ 24. ಅಂದರೆ ಕೂಡಗಿಯೇ ಗುರಿ ಆದರೆ ಎಂ.ಟೆಕ್‌ನಿಂದ ಲಾಭ ಇಲ್ಲ, ಉಳಿದಿರುವ ಮೂರು ವರ್ಷದಲ್ಲಿ ಎರಡು ವರ್ಷ ಕೈಬಿಟ್ಟು ಹೋಗುತ್ತದೆ. ಗೇಟ್ ಅಂದರೆ ಎಂ.ಟೆಕ್‌ಗೆ ಹೋಗುವ ಪರೀಕ್ಷೆ ಅಂತ ಮಾತ್ರ ನಮ್ಮ ಜನ ತಿಳಿದಿದ್ದಾರೆ. ಈ ತಪ್ಪು ತಿಳಿವಳಿಕೆಯಿಂದ ಎಷ್ಟು ಮಕ್ಕಳ ವಯಸ್ಸು ಹೋಗಿದೆಯೋ ಅಂತ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಇನ್ನು ಮಾಸ್ತರಿಕೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ ಆಗಲು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ನಿಯಮದ ಪ್ರಕಾರ ಬಿ.ಇ. ಜೊತೆ ಎಂ.ಟೆಕ್ ಬೇಕೇ ಬೇಕು, ಎರಡರಲ್ಲಿ ಒಂದಾದರೂ ಫಸ್ಟ್ ಕ್ಲಾಸ್ ಇರಬೇಕು. ಅಲ್ಲಿಗೆ ತಂದೆಯ ಮಾತು ಸರಿ. ಆದರೆ ಹುದ್ದೆ ಎಲ್ಲಿದೆ? ಮೊದಲು 15 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕಿತ್ತು. 2018ರಲ್ಲಿ ಅದನ್ನು 20ಕ್ಕೆ ಒಬ್ಬ ಅಂತ ಸಡಿಲ ಮಾಡಿದರು. 300 ವಿದ್ಯಾರ್ಥಿಗಳಿರುವ ವಿಭಾಗದಲ್ಲಿ 20 ಜನ ಬೇಕಿದ್ದ ಕಡೆ 15 ಜನ ಸಾಕು ಅಂತಾಯಿತು. ಅದರ ಮೇಲೆ ಮೆಕ್ಯಾನಿಕಲ್, ಸಿವಿಲ್ ಬಿಟ್ಟು ಎಲ್ಲರೂ ಕಂಪ್ಯೂಟರ್ ಸೈನ್ಸ್ ಹಿಂದೆ ಹೋದರು. ಮೆಕ್ಯಾನಿಕಲ್ ವಿಭಾಗದಲ್ಲಿ ಮಕ್ಕಳೇ ಕಡಿಮೆ ಆದಾಗ ಹೊಸ ಮಾಸ್ತರರನ್ನು ಯಾರು ತಗೋತಾರೆ?

ಹುಡುಗನ ಗೆಳೆಯನೊಬ್ಬ ಇದಕ್ಕೆ ಸಾಕ್ಷಿ. 2021ರಲ್ಲಿ ಕೆಲಸ ಸಿಗಲಿಲ್ಲ ಅಂತ ನೇರವಾಗಿ ಎಂ.ಟೆಕ್ ಸೇರಿದ್ದ. ಮುಗಿಸಿ ಬಂದು ಒಂದು ಕಡೆ ಗೆಸ್ಟ್ ಆಗಿ ಪಾಠ ಮಾಡುತ್ತಿದ್ದ, ತಾಸಿನ ಲೆಕ್ಕದಲ್ಲಿ. ಒಳ್ಳೆಯ ಹುಡುಗ, ಚೆನ್ನಾಗಿ ಪಾಠ ಮಾಡುತ್ತಾನೆ. ಆದರೆ ರಜೆಯ ತಿಂಗಳಲ್ಲಿ ಕೈಗೆ ಏನೂ ಬರುತ್ತಿರಲಿಲ್ಲ.

ಮರುದಿನ ನಾನು, ಹುಡುಗ ಇಬ್ಬರೂ ಆ ಕಾಲೇಜಿಗೆ ಹೋದೆವು. ಅಲ್ಲಿನವರು ಮುಚ್ಚುಮರೆ ಇಲ್ಲದೆ ಮಾತಾಡಿದರು. ಆ ಕೋರ್ಸಿಗೆ 18 ಸೀಟು, ಹಿಂದಿನ ವರ್ಷ ಸೇರಿದವರು 3 ಜನ. "ಎರಕದ ವಿಷಯದಲ್ಲಿ ಪ್ರಾಜೆಕ್ಟ್ ಮಾಡಬೇಕಂದ್ರೆ ಕರಗಿಸೋ ಭಟ್ಟಿ ಇದೆಯಾ ಸರ್?" ಅಂತ ಹುಡುಗ ಕೇಳಿದ. ಇಲ್ಲ, ಹೊರಗೆ ಯಾವುದಾದರೂ ಫೌಂಡ್ರಿಯಲ್ಲಿ ಮಾಡಿಕೊಳ್ಳಬೇಕು ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗ ಹೇಳಿದ, "ಮಾಮಾ, ಫೌಂಡ್ರಿಯಾಗ ಈಗ ಅದೀನಲ್ಲ. ರೊಕ್ಕ ಕೊಟ್ಟು ಮತ್ತ ಅಲ್ಲಿಗೇ ಬರೂದ್ಯಾಕ?"

ಅವನ ಬಾಯಿಂದ ಅದು ಬಂದ ಮೇಲೆ ನನಗೆ ಆ ಭಾನುವಾರದ ತುಂಡು ನೆನಪಾಯಿತು. ಆ ತೂತುಗಳ ಬಗ್ಗೆ ಅವನು ಕೇಳಿದ್ದು ನನಗೆ ಕೇಳಿಸಿಯೇ ಇರಲಿಲ್ಲ.

ಆ ತೂತಿನ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ನಿರ್ಧಾರ ಇದರ ಮೇಲೆ ನಿಂತಿದೆ.

ಅವನ ಫೌಂಡ್ರಿಯಲ್ಲಿ ಹೊಯ್ಯುವುದು ಎಸ್‌ಜಿ ಐರನ್. ಕರಗಿದ ಕಬ್ಬಿಣಕ್ಕೆ ಮೆಗ್ನೀಷಿಯಂ ಹಾಕಿದರೆ ಒಳಗಿನ ಗ್ರಾಫೈಟ್ ಪದರ ಪದರವಾಗಿ ಬೆಳೆಯುವ ಬದಲು ಗುಂಡು ಗುಂಡಾಗಿ ಕೂರುತ್ತದೆ, ಎರಕ ಬಿರುಸಾಗದೆ ಬಾಗುವ ಗುಣ ಪಡೆಯುತ್ತದೆ. ಹೆಚ್ಚಿನ ಲೋಹಗಳ ಹಾಗೆ ಇದೂ ಆರುವಾಗ ಕುಗ್ಗುತ್ತದೆ. ಆದರೆ ಗ್ರಾಫೈಟ್ ಹೊರಬರುವಾಗ ಹಿಗ್ಗುತ್ತದೆ ಕೂಡ. ಮರಳಿನ ಅಚ್ಚು ಗಟ್ಟಿಯಾಗಿದ್ದರೆ ಈ ಹಿಗ್ಗುವಿಕೆ ಒಳಗಡೆಗೆ ಒತ್ತಿ ಸಂದುಗಳನ್ನು ತುಂಬುತ್ತದೆ. ಅಚ್ಚು ಮೆತ್ತಗಿದ್ದರೆ ಮರಳಿನ ಗೋಡೆಯೇ ಹಿಂದಕ್ಕೆ ಸರಿಯುತ್ತದೆ, ನಡುವೆ ಪೊಳ್ಳು ಉಳಿಯುತ್ತದೆ. ರೈಸರ್ ಎಷ್ಟು ದೊಡ್ಡದು ಮಾಡಿದರೂ ಈ ಪೊಳ್ಳು ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ.

ಹುಡುಗ ಇದನ್ನು ಒಂದು ಪಠ್ಯಪುಸ್ತಕದಲ್ಲಿ ಓದಿ, ಅಚ್ಚಿನ ಗಟ್ಟಿತನ ಅಳೆಯುವ ಗೇಜ್ ಹಿಡಿದು ದಿನಾ ಬರೆಯಲು ಶುರು ಮಾಡಿದ. ಆ ನೋಟ್‌ಬುಕ್ ನಾನು ನೋಡಿದ್ದೇನೆ. ಇನ್ನೂರು ಪುಟದ್ದು, ಅಂಚಿನಲ್ಲೆಲ್ಲ ಎಣ್ಣೆ ಕೈ ಗುರುತು. ತಾರೀಖು, ಹೀಟ್ ನಂಬರ್ (ಭಟ್ಟಿಯಲ್ಲಿ ಒಮ್ಮೆ ಕರಗಿಸಿದ ಲೋಹದ ಸಂಖ್ಯೆ), ಅಚ್ಚಿನ ನಾಲ್ಕು ಕಡೆಯ ರೀಡಿಂಗ್, ರಿಜೆಕ್ಷನ್ ಎಷ್ಟು. ರೀಡಿಂಗ್ ಕಡಿಮೆ ಇದ್ದ ದಿನ ತೂತು ಜಾಸ್ತಿ. ಇಲ್ಲಿಗೆ ಮುಗಿಯಿತು ಅಂದುಕೊಂಡರೆ, ಕೆಲವು ದಿನ ಅಚ್ಚು ಗಟ್ಟಿಯಿದ್ದೂ ತೂತು ಬಂದಿತ್ತು. ಅಂಥ ಸಾಲುಗಳಿಗೆಲ್ಲ ಅವನು ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದ್ದ. ನಾನು ಎಣಿಸಿದೆ, 31 ಇದ್ದವು.

ಆ 31 ಕೆಂಪು ಗುರುತು ನೋಡಿದ ಮೇಲೆ ನಾನು "ಬ್ಯಾಡ" ಅನ್ನುವುದನ್ನು ಬಿಟ್ಟೆ. ಬೇಕಾದ ಉಪಕರಣ, ಗೊತ್ತಿರುವ ಗುರು, ಕೂತು ಯೋಚಿಸಲು ಹೊತ್ತು, ಈ ಮೂರೂ ಅವನಿಗೆ ಬೇಕಿತ್ತು. ಶಿಫ್ಟ್ ನಡುವೆ ಅದು ಸಿಗುವುದಿಲ್ಲ.

ದುಡ್ಡಿನ ಲೆಕ್ಕ

ಊಟದ ಮೇಜಿನ ಮೇಲೆ ಕೂತು ಬರೆದ ಲೆಕ್ಕ ಇದು. ಕೆಲಸ ಬಿಟ್ಟರೆ ಎರಡು ವರ್ಷದ ಸಂಬಳ 18,000ದ ಲೆಕ್ಕದಲ್ಲಿ 4,32,000 ಹೋಗುತ್ತದೆ. ಗೇಟ್ ಪಾಸಾಗಿ ಪೂರ್ಣಾವಧಿ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ಸ್ಟೈಪೆಂಡ್, 24 ತಿಂಗಳಿಗೆ 2,97,600. ಅಂತರ 1,34,400. ಅದರ ಮೇಲೆ ಫೀ, ಹಾಸ್ಟೆಲ್, ಊಟ. ಗೇಟ್ ಇಲ್ಲದೆ ಹತ್ತಿರದ ಕಾಲೇಜಿಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕ ಹೋದರೆ ಸ್ಟೈಪೆಂಡ್ ಇಲ್ಲ, ಕೈಯಿಂದ ಎರಡೂವರೆ ಲಕ್ಷ, ಹೋದ ಸಂಬಳ ಸೇರಿ ಒಟ್ಟು 6,82,000. ಎರಡಕ್ಕೂ ಸಿಗುವ ಪದವಿಯ ಹೆಸರು ಒಂದೇ.

ಹುಡುಗ 2023ರ ಗೇಟ್ ಬರೆದಿದ್ದ, ಇಪ್ಪತ್ತು ದಿನ ಓದಿ. ಕೆಲವೇ ಅಂಕದಲ್ಲಿ ಕ್ವಾಲಿಫೈ ತಪ್ಪಿತ್ತು.

ಕೆಲಸ ಬಿಡದೆ ಓದುವ ದಾರಿಯನ್ನೂ ನೋಡಿದೆವು. ಪಿಲಾನಿಯ ಬಿಟ್ಸ್ ನೌಕರಿಯಲ್ಲಿರುವವರಿಗೆ ಬಹಳ ವರ್ಷದಿಂದ ಎಂ.ಟೆಕ್ ನಡೆಸುತ್ತಿದೆ. ಡಿಸೈನ್ ಅಥವಾ ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಸಂಬಳ ನಿಲ್ಲುವುದಿಲ್ಲ. ಇವನಿಗೆ ಬೇಕಿದ್ದದ್ದು ಭಟ್ಟಿ ಮತ್ತು ಲ್ಯಾಬ್. ಕಂಪ್ಯೂಟರ್ ಪರದೆಯ ಮುಂದೆ ಕೂತು ಅದು ಆಗುವುದಿಲ್ಲ. ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು ಅಂತ ಹೇಳಿದವರೂ ಇದ್ದರು. ಹುಡುಗನಿಗೆ ಮನಸ್ಸಿರಲಿಲ್ಲ, ಅಲ್ಲಿಗೆ ಬಿಟ್ಟೆವು.

ತೀರ್ಮಾನ ಹೀಗಾಯಿತು. ಆ ವರ್ಷ ಎಲ್ಲಿಯೂ ಸೇರುವುದಿಲ್ಲ. ಕೆಲಸ ಬಿಡುವುದಿಲ್ಲ. 2024ರ ಗೇಟ್ ಸರಿಯಾಗಿ ಓದಿ ಬರೆಯುವುದು. ಒಳ್ಳೆಯ ಕಡೆ ಸೀಟು ಬಂದರೆ ಹೋಗುವುದು, ಬರದಿದ್ದರೆ ಎಂ.ಟೆಕ್ ಮಾತು ಬಿಡುವುದು. ಕೊನೆಯ ಷರತ್ತು ಹುಡುಗನೇ ಹಾಕಿಕೊಂಡ. ತಂದೆಗೆ ಬೇಜಾರಾಯಿತು. "ಕೈಗೆ ಬಂದ ಸೀಟ್ ಬಿಡ್ತೀರಿ" ಅಂದರು. ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಎಂಟು ತಿಂಗಳು

ಬೆಳಗ್ಗೆ ನಾಲ್ಕೂವರೆಗೆ ಎದ್ದು ಏಳರ ತನಕ ಓದು, ಎಂಟೂವರೆಗೆ ಫೌಂಡ್ರಿ. ಮೂರು ಗಂಟೆಯ ಪರೀಕ್ಷೆ, 65 ಪ್ರಶ್ನೆ, 100 ಅಂಕ, ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯದ್ದು. ಮೆಕ್ಯಾನಿಕಲ್ ಪೇಪರ್ ಬಿಟ್ಟು ಪ್ರೊಡಕ್ಷನ್ ಪೇಪರ್ ಆರಿಸಿಕೊಂಡ. ಎರಕ, ವೆಲ್ಡಿಂಗ್, ಮಶೀನಿಂಗ್, ಕ್ವಾಲಿಟಿ, ಇವೆಲ್ಲ ಅವನು ದಿನಾ ಕಣ್ಣಾರೆ ನೋಡುವ ವಿಷಯ. ಗಣಿತ ಮಾತ್ರ ಕಾಡಿತು. ಬಿ.ಇ.ಯಲ್ಲಿ ಬಾಯಿಪಾಠ ಮಾಡಿ ಪಾಸಾಗಿದ್ದನ್ನು ಈಗ ಅರ್ಥ ಮಾಡಿಕೊಂಡು ಓದಬೇಕಾಯಿತು. ಫೆಬ್ರವರಿಯಲ್ಲಿ ಬರೆದ, ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಈ ಸಲ ಎನ್‌ಐಟಿ ಸೀಟಿಗೆ ಸಾಲುವಷ್ಟು ಅಂಕ.

ಗೇಟ್ ಅಂಕದ ಮೇಲೆ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ ಎರಡು ದಾರಿ ಕಂಡವು. ಒಂದು ಹೊರರಾಜ್ಯದ ಎನ್‌ಐಟಿಯಲ್ಲಿ ಮ್ಯಾನುಫ್ಯಾಕ್ಚರಿಂಗ್. ಇನ್ನೊಂದು ರಾಂಚಿ. ಅಲ್ಲಿ 1966ರಲ್ಲಿ ಫೌಂಡ್ರಿ ಮತ್ತು ಫೋರ್ಜಿಂಗ್‌ಗೆಂದೇ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಈಗ ಹೆಸರು ಬದಲಾಗಿದೆ, ಆದರೆ ಫೌಂಡ್ರಿಯ ಹಳಬರು ಇನ್ನೂ ನಿಫ್ಟ್ ಅಂತಲೇ ಕರೆಯುತ್ತಾರೆ. ಉದ್ಯಮಬಾಗದಲ್ಲಿ 26 ವರ್ಷ ಕಳೆದ ನನಗೇ ಅಲ್ಲಿ ಎರಕದ ವಿಷಯದಲ್ಲಿ ಎಂ.ಟೆಕ್ ಇದೆ ಅಂತ ಗೊತ್ತಿರಲಿಲ್ಲ. ನಮ್ಮ ಊರಿನ ಹೊಟ್ಟೆಪಾಡೇ ಎರಕ, ಆದರೂ ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ನಾನು ಎನ್‌ಐಟಿ ಅಂದೆ. ಹೆಸರಿಗೆ ಬೆಲೆ ಇದೆ, ಮುಂದೆ ಎಲ್ಲಿ ಹೋದರೂ ಕೇಳುತ್ತಾರೆ ಅಂತ. ಹುಡುಗ ಎರಡೂ ಕಡೆಯ ಸೀನಿಯರ್‌ಗಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ: ನಿಮ್ಮಲ್ಲಿ ಎಸ್‌ಜಿ ಐರನ್ ಮೇಲೆ ಕೆಲಸ ಮಾಡುವವರು ಯಾರಿದ್ದಾರೆ? ಸಂಜೆ ಬಂದು "ರಾಂಚಿ" ಅಂದ. ನಾನು ಮಾತು ಬೆಳೆಸಲಿಲ್ಲ.

ಕೆಲಸ ಬಿಡುವ ಮುಂಚೆ ಫೌಂಡ್ರಿ ಮಾಲೀಕರ ಹತ್ತಿರ ಹೋಗಿ ನೋಟ್‌ಬುಕ್ ತೋರಿಸಿದ. ಅವರು ದುಡ್ಡಿನ ಸಹಾಯ ಮಾಡಲು ಆಗಲ್ಲ ಅಂದರು. ಆದರೆ ಪ್ರಾಜೆಕ್ಟನ್ನು ನಮ್ಮ ಎರಕದ ಮೇಲೆಯೇ ಮಾಡು, ಬೇಕಾದ ಸ್ಯಾಂಪಲ್ ಕಳಿಸುತ್ತೇನೆ ಅಂತ ಮಾತು ಕೊಟ್ಟರು. ನನ್ನ ದೃಷ್ಟಿಯಲ್ಲಿ ಅದು ದುಡ್ಡಿಗಿಂತ ದೊಡ್ಡ ಸಹಾಯ. ಸ್ಟೈಪೆಂಡ್ ಬರುವುದು ತಡವಾದರೂ ನಡೆಯಲಿ ಅಂತ ಹುಡುಗ 60,000 ಕೈಯಲ್ಲಿ ಇಟ್ಟುಕೊಂಡು ಹೋದ.

ಮೊದಲ ಸೆಮಿಸ್ಟರ್ ಸುಲಭ ಇರಲಿಲ್ಲ. ಹಿಂದಿ ಬರುತ್ತಿರಲಿಲ್ಲ, ಮೆಟಲರ್ಜಿಯ ವಿಷಯಗಳು ಮೆಕ್ಯಾನಿಕಲ್ ಹುಡುಗನಿಗೆ ಹೊಸದು, ಎರಡು ಹೊತ್ತೂ ಅನ್ನ. ಅಕ್ಟೋಬರ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ತಪ್ಪ್ ಮಾಡಿದ್ನೇನೋ ಮಾಮಾ" ಅಂದಿದ್ದ. ಆದರೆ ಜನವರಿಯಲ್ಲಿ ಬಂದ ಫೋನ್ ಬೇರೆ. ಗ್ರಾಫೈಟ್ ಸರಿಯಾಗಿ ಹೊರಬರಲಿ ಅಂತ ಕರಗಿದ ಕಬ್ಬಿಣಕ್ಕೆ ಕೊನೆಯಲ್ಲಿ ಹಾಕುವ ಇನಾಕ್ಯುಲೆಂಟ್‌ನ ಕಸುವು ಹೊತ್ತು ಕಳೆದಂತೆ ಇಳಿಯುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದರಂತೆ. ಅವತ್ತೇ ಅವನು ಉದ್ಯಮಬಾಗದ ಶಿಫ್ಟ್ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಕರಗಿದ ಕಬ್ಬಿಣ ಒಯ್ಯುವ ಪಾತ್ರೆ, ಅಂದರೆ ಒಂದು ಲ್ಯಾಡಲ್‌ನಿಂದ ಹೊಯ್ಯುವ ಅಚ್ಚುಗಳಿಗೆ ಸಾಲಾಗಿ ನಂಬರ್ ಹಾಕಿಸಿದ. ಎರಡು ವಾರದ ಲೆಕ್ಕ ಬಂತು. ಅಚ್ಚು ಗಟ್ಟಿಯಿದ್ದೂ ತೂತು ಬಿದ್ದವುಗಳಲ್ಲಿ ಹೆಚ್ಚಿನವು ಲ್ಯಾಡಲ್‌ನ ಕೊನೆಯ ಅಚ್ಚುಗಳು. ಮೊದಲ ಅಚ್ಚಿಗೂ ಕೊನೆಯ ಅಚ್ಚಿಗೂ ನಡುವೆ ಹೋಗುವ ಹೊತ್ತನ್ನು ಅಲ್ಲಿ ಯಾರೂ ಅಳೆದೇ ಇರಲಿಲ್ಲ.

ರಿಜೆಕ್ಷನ್ ಪೂರ್ತಿ ನಿಂತಿಲ್ಲ. ಎಲ್ಲಿ ನೋಡಬೇಕು ಅಂತ ಗೊತ್ತಾಗಿದೆ, ಸಣ್ಣ ಲ್ಯಾಡಲ್‌ನಲ್ಲಿ ಬೇಗ ಬೇಗ ಹೊಯ್ಯುತ್ತಿದ್ದಾರೆ.

ಬೇರೆಯವರಿಗೆ

ಈ ಪ್ರಕರಣ ಕೇಳಿ ಇಬ್ಬರು ಮೂವರು ನನ್ನ ಹತ್ತಿರ ಬಂದಿದ್ದಾರೆ. ಎಲ್ಲರಿಗೂ ಹೋಗಿ ಅಂತ ಹೇಳಿಲ್ಲ. ಬಾಗಲಕೋಟೆ ನವನಗರದ ಒಬ್ಬ ಹುಡುಗಿಗೆ ಹೋಗು ಅಂದೆ. ಸಿವಿಲ್ ಓದಿದವಳು, ಸೇತುವೆ, ನೀರಿನ ಟ್ಯಾಂಕ್ ಡಿಸೈನ್ ಆಫೀಸಿನಲ್ಲಿ ಕೆಲಸ. ಸ್ಟ್ರಕ್ಚರಲ್ ಎಂ.ಟೆಕ್ ಇಲ್ಲದೆ ಅವಳ ಆಫೀಸಿನಲ್ಲಿ ಡಿಸೈನ್ ಕೈಗೆ ಕೊಡುತ್ತಿರಲಿಲ್ಲ. ಜಮಖಂಡಿಯ ಒಬ್ಬ ಹುಡುಗನಿಗೆ ಬೇಡ ಅಂದೆ. ಯಾಕೆ ಮಾಡಬೇಕು ಅಂತ ಕೇಳಿದಾಗ "ಸುಮ್ನ ಮನ್ಯಾಗ ಕುಂದ್ರೂದಕ್ಕಿಂತ ಛಲೋ" ಅಂದ. ಅವನಿಗೆ ಆಗ ಬೇಕಿದ್ದದ್ದು ಕೆಲಸ. ಹತ್ತರಗಿಯ ಕಡೆ ವಿಮಾನದ ಬಿಡಿಭಾಗ ಮಾಡುವಲ್ಲಿ ಟ್ರೇನಿಯಾಗಿ ಸೇರಿದ. ಒಂದು ವರ್ಷ ಬಿಟ್ಟು ಬಾ, ಆವಾಗ ಏನು ಕೇಳುತ್ತೀಯೋ ನೋಡೋಣ ಅಂದಿದ್ದೇನೆ.

ನನ್ನ ಸೋದರಳಿಯನಿಗೆ ಈಗ ಪ್ರಾಜೆಕ್ಟ್ ವರ್ಷ. ಹಳೆ ಮಾಲೀಕರು 35,000 ಕೊಡುತ್ತೇನೆ, ವಾಪಸ್ ಬಾ ಅಂದಿದ್ದಾರೆ. ಕೊಲ್ಹಾಪುರದ ಒಂದು ದೊಡ್ಡ ಫೌಂಡ್ರಿಯವರೂ ಮಾತಾಡಿದ್ದಾರೆ. ಅವನು ಇನ್ನೂ ಯಾರಿಗೂ ಹೂಂ ಅಂದಿಲ್ಲ. ತಂದೆ ಈಗ ನನ್ನ ಜೊತೆ ಮಾತಾಡುತ್ತಾರೆ, ಆದರೆ "ಕೈ ಬಿಟ್ಟು ಹೋದ ಪಗಾರ ತುಂಬಿ ಬರಾಕ ಎಷ್ಟ್ ವರ್ಷ ಬೇಕು?" ಅಂತ ಪ್ರತಿ ಸಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 35,000 ಸಿಕ್ಕರೆ ಫೀ, ಖರ್ಚು ಸೇರಿಸಿಯೂ ಎರಡು ವರ್ಷದ ಒಳಗೆ ಅಂತ ಲೆಕ್ಕ ಹಾಕಿ ತೋರಿಸಿದ್ದೇನೆ. ಸಿಕ್ಕ ಮೇಲೆ ನೋಡೋಣ ಅನ್ನುತ್ತಾರೆ.

ಕೊಯ್ದ ಆ ಕಬ್ಬಿಣದ ತುಂಡು ನಮ್ಮ ಮನೆಯ ಕಿಟಕಿಯಲ್ಲೇ ಇತ್ತು. ಹೋದ ತಿಂಗಳು ಫೋನ್ ಬಂತು. "ಮಾಮಾ, ಅದನ್ನ ಕೊರಿಯರ್ ಮಾಡ್ರಿ, ಮೈಕ್ರೋಸ್ಕೋಪಿನಾಗ ನೋಡಬೇಕು. ತುಕ್ಕು ಬಂದಿದ್ರ ಇರಲಿ, ತಿಕ್ಕಬ್ಯಾಡ್ರಿ." ಪೇಪರಿನಲ್ಲಿ ಸುತ್ತಿ ತೂಗಿಸಿದೆ, 3 ಕಿಲೋ 200 ಗ್ರಾಂ. ಅದೇ ಡಬ್ಬಿಯಲ್ಲಿ ತಂಗಿ ಊರಿಂದ ಕಳಿಸಿದ ಶೇಂಗಾ ಚಟ್ನಿಯನ್ನೂ ಇಟ್ಟು ಕಳಿಸಿದೆ.